ಪಡಸಾಲೆಗೊಂದು ಕಂಪ್ಯೂಟರ್: ಇಂಗಳೇಶ್ವರದ ಬಿಸಿಲು, ಧೂಳು, ಕರೆಂಟಿನ ಲೆಕ್ಕ

ಟೀವಿಗೆ ಜೋಡಿಸಿಕೊಂಡು ಗೇಮ್ ಆಡಲಿಕ್ಕೆ, ಸಿನಿಮಾ ನೋಡಲಿಕ್ಕೆ ಮನೆಯಲ್ಲೊಂದು ಕಂಪ್ಯೂಟರ್ ಕಟ್ಟಿಸಬೇಕೆಂದು ಹೊರಟವರು ವಿಜಯಪುರದ ಅಂಗಡಿಯಲ್ಲಿ ಮೊದಲು ಕೇಳುವ ಮಾತು, "ಗ್ರಾಫಿಕ್ಸ್ ಕಾರ್ಡ್ ಯಾವ್ದು ಹಾಕ್ಸೂಣ್ರಿ?" ಯೂಟ್ಯೂಬಿನಲ್ಲಿ ಕಂಪ್ಯೂಟರ್ ಕಟ್ಟಿ ತೋರಿಸುವವರೂ ಅಲ್ಲಿಂದಲೇ ಶುರು ಮಾಡುತ್ತಾರೆ. ಅವರು ಕೂತ ಕೋಣೆಗೆ ಎಸಿ ಇರುತ್ತದೆ, ಗೋಡೆಯ ಪ್ಲಗ್ಗಿಗೆ ಸರಿಯಾದ ಅರ್ಥಿಂಗ್ ಇರುತ್ತದೆ. ಬಸವನ ಬಾಗೇವಾಡಿ ತಾಲೂಕಿನ ಇಂಗಳೇಶ್ವರದ ಪಡಸಾಲೆಯ ಮಾತೇ ಬೇರೆ. ಏಪ್ರಿಲ್-ಮೇನಲ್ಲಿ ಈ ಸೀಮೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಗಾಳಿ ಎದ್ದರೆ ಎರೆಹೊಲದ ಧೂಳು ಮುಚ್ಚಿದ ಬಾಗಿಲಿನ ಸಂದಿಯಿಂದಲೂ ಒಳಗೆ ಬರುತ್ತದೆ. ಕರೆಂಟ್ ತನ್ನ ಮರ್ಜಿಯಂತೆ ಏರಿಳಿಯುತ್ತದೆ. ಹಾಗಾಗಿ ಇಲ್ಲಿ ಲೆಕ್ಕವನ್ನು ಹಿಂದುಮುಂದು ಮಾಡಬೇಕು. ಮೊದಲು ಕರೆಂಟ್, ಆಮೇಲೆ ಗಾಳಿ, ಆಮೇಲೆ ಟೀವಿ. ಕಾರ್ಡಿನ ಮಾತು ಕೊನೆಗೆ, ಅದೂ ಈ ಮೂರು ಎಷ್ಟಕ್ಕೆ ಒಪ್ಪುತ್ತವೋ ಅಷ್ಟಕ್ಕೆ.

ಕರೆಂಟಿನ ವಿಷಯ

ಹಳೆಯ ಬಾಗೇವಾಡಿ ತಾಲೂಕಿನ ಎಲ್ಲೆಯೊಳಗೇ ಎರಡು ದೊಡ್ಡ ವಿದ್ಯುತ್ ಕೇಂದ್ರಗಳಿವೆ. ಕೂಡಗಿಯ ಎನ್‌ಟಿಪಿಸಿ ಸ್ಥಾವರ 2,400 ಮೆಗಾವ್ಯಾಟಿನದು, ಆಲಮಟ್ಟಿ ಅಣೆಕಟ್ಟೆಯದು 290 ಮೆಗಾವ್ಯಾಟ್. ಇಷ್ಟಿದ್ದೂ ಸಂಜೆ ಫ್ಯಾನು ಯಾಕೆ ನಿಧಾನ ತಿರುಗುತ್ತದೆ ಎಂದು ಜನ ಕೇಳುವುದು ನ್ಯಾಯವೇ. ಅಲ್ಲಿ ಹುಟ್ಟಿದ ಕರೆಂಟ್ ನೆಟ್ಟಗೆ ಊರಿಗೆ ಬರುವುದಿಲ್ಲ. ಅದು ರಾಜ್ಯದ ದೊಡ್ಡ ಜಾಲಕ್ಕೆ ಸೇರಿ, ಸಬ್‌ಸ್ಟೇಷನ್ನಿನಲ್ಲಿ ಇಳಿದು, 11 ಸಾವಿರ ವೋಲ್ಟಿನ ಲೈನಿನಲ್ಲಿ ಬಂದು, ಊರ ಟಿಸಿಯಲ್ಲಿ, ಅಂದರೆ ಟ್ರಾನ್ಸ್‌ಫಾರ್ಮರಿನಲ್ಲಿ, ಮನೆಯ 230 ವೋಲ್ಟಿಗೆ ಇಳಿಯುತ್ತದೆ. ಟಿಸಿಯಿಂದ ಮನೆ ಎಷ್ಟು ದೂರ, ಆ ತಂತಿಯ ಮೇಲೆ ಎಷ್ಟು ಮನೆಯ ಭಾರ ಎನ್ನುವುದೇ ನಿಮ್ಮ ಪ್ಲಗ್ಗಿನ ವೋಲ್ಟೇಜನ್ನು ತೀರ್ಮಾನಿಸುತ್ತದೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಮನೆಗಳ ಲೈನನ್ನು ಪಂಪ್‌ಸೆಟ್ ಲೈನಿನಿಂದ ಬೇರೆ ಮಾಡಿದ ಮೇಲೆ ಹಳ್ಳಿಗಳ ಸ್ಥಿತಿ ಸುಧಾರಿಸಿದೆ. ಪಂಪ್‌ಸೆಟ್ಟಿನ ಲೈನಿನ ಮೇಲೇ ಇರುವ ಹೊಲದ ಮನೆಗಳಲ್ಲಿ ಮಾತ್ರ ಈಗಲೂ ಎಚ್ಚರ ಬೇಕು.

ಕಡಿಮೆ ವೋಲ್ಟೇಜಿಗೆ ಕಂಪ್ಯೂಟರ್ ಹೆದರಬೇಕಿಲ್ಲ, ಸರಿಯಾದ ಪವರ್ ಸಪ್ಲೈ ಕೊಂಡಿದ್ದರೆ. ಅದರ ಮೈಮೇಲಿನ ಚೀಟಿಯಲ್ಲಿ ಇನ್‌ಪುಟ್ 100-240 ವೋಲ್ಟ್ ಎಂದಿರಬೇಕು. 200-240 ಎಂದಿದ್ದರೆ ಎಷ್ಟೇ ಅಗ್ಗವಾದರೂ ಬಿಡಿ. ಸಂಜೆ 170ಕ್ಕೆ ಇಳಿದಾಗ ಗೇಮಿನ ನಡುವೆ ಕೈಕೊಡುವುದು ಅಂಥದ್ದೇ. 100-240ರದ್ದು ಅದನ್ನು ಗಮನಿಸುವುದೂ ಇಲ್ಲ. ಅದಕ್ಕಾಗಿ ಬೇರೆ ಸ್ಟೆಬಿಲೈಸರ್ ಬೇಡ.

ಹೆದರಬೇಕಾದದ್ದು ಹೆಚ್ಚಿನ ವೋಲ್ಟೇಜಿಗೆ. ಟಿಸಿಯಿಂದ ಮೂರು ಫೇಸು, ಒಂದು ನ್ಯೂಟ್ರಲ್ ಬರುತ್ತವೆ. ಗಾಳಿಗೆ ನ್ಯೂಟ್ರಲ್ ತಂತಿ ಕಡಿದರೆ ಬೇರೆ ಬೇರೆ ಫೇಸಿನ ಮನೆಗಳು ಒಂದರ ಬೆನ್ನಿಗೆ ಒಂದು ಜೋಡಿಸಿದಂತಾಗಿ, 400 ವೋಲ್ಟನ್ನು ಹಂಚಿಕೊಳ್ಳಬೇಕಾಗುತ್ತದೆ. ಹಂಚಿಕೆ ಸಮ ಇರುವುದಿಲ್ಲ: ಯಾವ ಮನೆಯಲ್ಲಿ ಕಡಿಮೆ ಸಾಮಾನು ನಡೆಯುತ್ತಿದೆಯೋ ಅಲ್ಲಿಗೆ ಹೆಚ್ಚು ವೋಲ್ಟ್. ಒಂದೇ ರಾತ್ರಿ ಓಣಿಯ ನಾಲ್ಕಾರು ಟೀವಿಗಳು ಸುಡುವುದು ಹೀಗೆ. ವೋಲ್ಟೇಜ್ ಮಿತಿ ಮೀರಿದ ಕೂಡಲೇ ಲೈನ್ ಕತ್ತರಿಸುವ ಪ್ರೊಟೆಕ್ಟರನ್ನು ಎಲೆಕ್ಟ್ರಿಷಿಯನ್ ಮೀಟರ್ ಬೋರ್ಡಿನ ಹತ್ತಿರ ಕೂಡಿಸಿಕೊಡುತ್ತಾನೆ. ಕಾರ್ಡಿನ ಬೆಲೆಯ ಮುಂದೆ ಅದು ಪುಡಿಗಾಸು.

ಇನ್ನು ಅರ್ಥಿಂಗ್. ಕಂಪ್ಯೂಟರಿನ ಕಬ್ಬಿಣದ ಪೆಟ್ಟಿಗೆ ಮುಟ್ಟಿದರೆ "ಮೈ ಜುಮ್ ಅಂತೈತಿ" ಎಂದು ಹೇಳುವವರಿದ್ದಾರೆ. ಪೆಟ್ಟಿಗೆ ಕೆಟ್ಟಿದೆ ಎಂದು ಅರ್ಥವಲ್ಲ. ಪವರ್ ಸಪ್ಲೈಯೊಳಗೆ ವಿದ್ಯುತ್ ಗದ್ದಲವನ್ನು ಅರ್ಥಿಗೆ ಹರಿಸುವ ಸಣ್ಣ ಕೆಪಾಸಿಟರುಗಳಿರುತ್ತವೆ. ಅರ್ಥ್ ಇಲ್ಲದಿದ್ದರೆ ಅವು ಪೆಟ್ಟಿಗೆಯ ಮೇಲೆ ಸುಮಾರು ಅರ್ಧದಷ್ಟು, ಅಂದರೆ 115 ವೋಲ್ಟಿನ ಆಸುಪಾಸು ತಂದಿಡುತ್ತವೆ. ಹರಿಯುವ ಕರೆಂಟ್ ತೀರಾ ಸಣ್ಣದಾದ್ದರಿಂದ ಮನುಷ್ಯನಿಗೆ ಜುಮ್ ಅನ್ನುತ್ತದೆ, ಅಷ್ಟೇ. ಆದರೆ ಟೀವಿ, ಕಂಪ್ಯೂಟರ್ ಎರಡೂ ಆನ್ ಇದ್ದಾಗ ಎಚ್‌ಡಿಎಂಐ ಕೇಬಲ್ ಚುಚ್ಚಿದರೆ ಅದೇ ಕರೆಂಟ್ ಆ ಸೂಕ್ಷ್ಮ ಪೋರ್ಟಿನೊಳಗೆ ದಾರಿ ಹುಡುಕುತ್ತದೆ. ಪೋರ್ಟು ಹೋದರೆ ಟೀವಿಯ ಬೋರ್ಡು ಬದಲಿಸಬೇಕು. ಪರಿಹಾರ ಹಳೆಯದೇ: ಅಂಗಳದಲ್ಲಿ ಗುಂಡಿ ತೋಡಿ, ಜಿಐ ಪೈಪು ಇಳಿಸಿ, ಇದ್ದಿಲು, ಉಪ್ಪು ತುಂಬಿ, ಬೇಸಿಗೆಯಲ್ಲಿ ಆಗಾಗ ನೀರು ಹಾಕುವುದು. ಎರೆಮಣ್ಣು ಬಿರುಕು ಬಿಡುವ ಕಾಲದಲ್ಲಿ ಪೈಪಿಗೂ ಮಣ್ಣಿಗೂ ಸಂಬಂಧ ತಪ್ಪುತ್ತದೆ, ಅದಕ್ಕೆ ನೀರು. ಅಡ್ಡಮಳೆಯ ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ, ಜೊತೆಗೆ ಡಿಷ್ಷಿನ ವೈರನ್ನೂ ಕಿತ್ತಿಡಿ. ಪ್ಲಗ್ಗೊಂದನ್ನೇ ಕಿತ್ತವರ ಟೀವಿ ಮಾಳಿಗೆಯ ಮೇಲಿನ ಡಿಷ್ಷಿನ ದಾರಿಯಿಂದ ಸುಡುತ್ತದೆ.

ಇನ್ವರ್ಟರ್ ಇದ್ದ ಮನೆಯಲ್ಲೂ ಕರೆಂಟ್ ಹೋದ ಕ್ಷಣ ಕಂಪ್ಯೂಟರ್ ಆರಿ ಹೊತ್ತಿಕೊಳ್ಳುವುದಕ್ಕೆ ಕಾರಣವಿದೆ. ಪವರ್ ಸಪ್ಲೈಯೊಳಗಿನ ದೊಡ್ಡ ಕೆಪಾಸಿಟರ್ ಪೂರ್ತಿ ಭಾರದಲ್ಲಿ 16-17 ಮಿಲಿಸೆಕೆಂಡು ಮಾತ್ರ ಯಂತ್ರವನ್ನು ಹಿಡಿದಿಡುತ್ತದೆ. ಇನ್ವರ್ಟರಿನ ಹಿಂದೆ ಒಂದು ಸ್ವಿಚ್ ಇರುತ್ತದೆ. ಯುಪಿಎಸ್ ಮೋಡಿನಲ್ಲಿಟ್ಟರೆ ಅದು ಹೆಚ್ಚುಕಡಿಮೆ ಆ ಹೊತ್ತಿನೊಳಗೆ ಬ್ಯಾಟರಿಗೆ ಬದಲಾಗುತ್ತದೆ, ಸಾದಾ ಮೋಡಿನಲ್ಲಿ ತಡ. ಹಾಗಾದರೆ ಯುಪಿಎಸ್ ಮೋಡಿನಲ್ಲೇ ಇಡೋಣ ಅನ್ನಬಹುದು. ಅದರಲ್ಲೊಂದು ಗುಟ್ಟಿದೆ: ಆ ಮೋಡಿನಲ್ಲಿ ವೋಲ್ಟೇಜ್ ಸುಮಾರು 180ಕ್ಕಿಂತ ಇಳಿದರೂ ಇನ್ವರ್ಟರ್ ಕರೆಂಟ್ ಹೋಯಿತೆಂದೇ ಬಗೆದು ಬ್ಯಾಟರಿ ಬಳಸುತ್ತದೆ. ದಿನಾ ಸಂಜೆ ವೋಲ್ಟೇಜ್ ಬೀಳುವ ಮನೆಯಲ್ಲಿ ನಿಜಕ್ಕೂ ಕರೆಂಟ್ ಹೋಗುವ ಹೊತ್ತಿಗೆ ಬ್ಯಾಟರಿ ಖಾಲಿ. ಅಂಥ ಕಡೆ ಇನ್ವರ್ಟರನ್ನು ಸಾದಾ ಮೋಡಿನಲ್ಲಿಟ್ಟು, ಕಂಪ್ಯೂಟರಿಗಷ್ಟೇ 600 ವಿಎ ಸಣ್ಣ ಯುಪಿಎಸ್ ಇಡುವುದು ಒಳ್ಳೆಯದು. ಅದು ಹೊರುವುದು ಸುಮಾರು 360 ವ್ಯಾಟ್. ಇಲ್ಲಿಗೇ ನಿಮ್ಮ ಗ್ರಾಫಿಕ್ಸ್ ಕಾರ್ಡಿಗೆ ಒಂದು ಬೇಲಿ ಬಿತ್ತು ನೋಡಿ. ಇನ್ವರ್ಟರ್ ಸೈನ್ ವೇವ್‌ನದ್ದೇ ಆಗಿರಲಿ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿಗೆ ಇಂದಿನ ಒಳ್ಳೆಯ ಪವರ್ ಸಪ್ಲೈಗಳು ಗುಂಯ್‌ಗುಡುತ್ತವೆ, ಕೆಲವು ನಿಂತೇ ಬಿಡುತ್ತವೆ.

ಬ್ಯಾಟರಿ ಎಷ್ಟು ಹೊತ್ತು? 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್-ಗಂಟೆ. ಪೂರ್ತಿ ಹಿಂಡಿದರೆ ಬ್ಯಾಟರಿ ಬೇಗ ಸಾಯುತ್ತದೆ, ಇನ್ವರ್ಟರೂ ತನ್ನ ಪಾಲು ತಿನ್ನುತ್ತದೆ. ಅರ್ಧ, ಅಂದರೆ 900 ಎಂದು ಹಿಡಿಯಿರಿ. ಸಿನಿಮಾ ನೋಡುವಾಗ ಕಂಪ್ಯೂಟರ್ 50, ಟೀವಿ 80 ವ್ಯಾಟ್ ಎಂದುಕೊಂಡರೆ ಏಳು ಗಂಟೆಗೆ ಸ್ವಲ್ಪ ಕಡಿಮೆ. ಅದೇ ಯಂತ್ರ 300 ವ್ಯಾಟ್ ಎಳೆದು ಗೇಮ್ ಆಡಿಸಿದರೆ, ಟೀವಿಯೂ ಸೇರಿ ಎರಡೂವರೆ ಗಂಟೆಯೂ ದಕ್ಕದು.

ಗಾಳಿ, ಧೂಳು

ಫ್ಯಾನು ಯಾವ ಭಾಗವನ್ನೂ ಕೋಣೆಗಿಂತ ತಣ್ಣಗೆ ಮಾಡಲಾರದು. ಬೆಂಗಳೂರಿನ 25 ಡಿಗ್ರಿಯ ಕೋಣೆಯಲ್ಲಿ 68 ಡಿಗ್ರಿಗೆ ನಿಲ್ಲುವ ಕಾರ್ಡು, ಅದೇ ಭಾರಕ್ಕೆ 40 ಡಿಗ್ರಿಯ ಪಡಸಾಲೆಯಲ್ಲಿ 83ಕ್ಕೆ ಹೋಗುತ್ತದೆ. ಕೋಣೆ ಎಷ್ಟು ಏರಿತೋ ಯಂತ್ರವೂ ಅಷ್ಟೇ ಏರುತ್ತದೆ. ಅಲ್ಲಿಂದ ಮುಂದೆ ಅದು ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ, ಫ್ಯಾನು ಅರಚತೊಡಗುತ್ತದೆ. ದುಡ್ಡು ಕೊಟ್ಟದ್ದು ವೇಗಕ್ಕೆ, ಸಿಕ್ಕಿದ್ದು ಸದ್ದು.

ಇದಕ್ಕೆ ಎರಡು ಉಪಾಯ ಪುಕ್ಕಟೆ ಇವೆ. ಟೀವಿ ಸೆಕೆಂಡಿಗೆ 60 ಚಿತ್ರ ಮಾತ್ರ ತೋರಿಸುವುದಾದರೆ ಕಾರ್ಡು 110 ಚಿತ್ರ ಬಿಡಿಸಿ ಬೆವರುವುದು ಏಕೆ? ಸೆಟ್ಟಿಂಗಿನಲ್ಲಿ 60ಕ್ಕೆ ಮಿತಿ ಹಾಕಿ. ಎರಡನೆಯದು, ಕಾರ್ಡಿನ ಪವರ್ ಲಿಮಿಟ್ ಇಳಿಸುವುದು. ತಯಾರಕರು ಕೊನೆಯ ಒಂದಷ್ಟು ವೇಗಕ್ಕಾಗಿ ಬೇಕಾಬಿಟ್ಟಿ ವಿದ್ಯುತ್ ಸುರಿದಿರುತ್ತಾರೆ. ಕಾಲು ಭಾಗ ವಿದ್ಯುತ್ ಕಡಿತ ಮಾಡಿದರೂ ಆಟದ ವೇಗ ಸಾಮಾನ್ಯವಾಗಿ ಕಾಲು ಭಾಗ ಬೀಳುವುದಿಲ್ಲ, ಅದಕ್ಕಿಂತ ಬಹಳ ಕಡಿಮೆ ಬೀಳುತ್ತದೆ.

ಪೆಟ್ಟಿಗೆಯನ್ನು ಎಲ್ಲಿಡಬೇಕು ಎನ್ನುವುದರ ಬಗ್ಗೆ ನನ್ನದು ಕಟ್ಟುನಿಟ್ಟಿನ ಅಭಿಪ್ರಾಯ. ಹಳೆಯ ಮನೆಯ ದಪ್ಪ ಗೋಡೆಯ ಗೂಡು ಅದಕ್ಕೆಂದೇ ಮಾಡಿಸಿದಂತೆ ಕಾಣುತ್ತದೆ. ಅದರೊಳಗೆ ಇಡಬೇಡಿ. ಮೂರು ಕಡೆ ಗೋಡೆ. ಹಿಂದಿನಿಂದ ಬಂದ ಬಿಸಿಗಾಳಿ ಸುತ್ತಿ ಮುಂದಿನಿಂದ ಮತ್ತೆ ಒಳಗೆ ಹೋಗುತ್ತದೆ. ಗಾಜಿನ ಬಾಗಿಲಿನ ಶೋಕೇಸಿಗೂ ಇದೇ ಮಾತು. ನೆಲದಿಂದ ಒಂದು ಮೊಳ ಮೇಲೆ, ಹಿಂದೆ ಒಂದು ಗೇಣು ಜಾಗ ಬಿಟ್ಟು ಇಡಿ. ಏರ್ ಕೂಲರಿನ ಎದುರು ಇಡುವ ಆಸೆ ಬೇಡ. ಒಣ ಹವೆಯ ಈ ಸೀಮೆಯಲ್ಲಿ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ ನಿಜ, ಆದರೆ ಅದರ ತೇವದ ಗಾಳಿ ಪೆಟ್ಟಿಗೆಯೊಳಗಿನ ಧೂಳನ್ನು ಕೆಸರು ಮಾಡಿ ಅಂಟಿಸುತ್ತದೆ. ಕೂಲರ್ ಕೋಣೆಯನ್ನು ತಂಪು ಮಾಡಲಿ, ಯಂತ್ರದ ಮುಖಕ್ಕೆ ಊದುವುದು ಬೇಡ.

ಧೂಳಿಗೆ ಸೂತ್ರವೊಂದೇ: ಹೊರಗೆ ಹಾಕುವ ಫ್ಯಾನಿಗಿಂತ ಒಳಗೆ ಎಳೆಯುವ ಫ್ಯಾನು ಹೆಚ್ಚಿರಲಿ, ಎಳೆಯುವ ಕಡೆಗೆಲ್ಲ ಜಾಲರಿ ಇರಲಿ. ಆಗ ಪೆಟ್ಟಿಗೆಯೊಳಗೆ ಗಾಳಿಯ ಒತ್ತಡ ತುಸು ಹೆಚ್ಚಿದ್ದು, ಸಂದುಗೊಂದಿಗಳಿಂದ ಗಾಳಿ ಹೊರಕ್ಕೆ ಹೋಗುತ್ತದೆ. ಧೂಳು ಬರುವುದಿದ್ದರೆ ಜಾಲರಿಯ ದಾರಿಯಿಂದಲೇ ಬರಬೇಕು. ಇದೇ ಜಾಲರಿ ಹಲ್ಲಿಯನ್ನೂ ತಡೆಯುತ್ತದೆ. ಬೆಚ್ಚಗಿನ ಪವರ್ ಸಪ್ಲೈ ಹಲ್ಲಿಗೆ ಬಲು ಪ್ರೀತಿ, ಶಾರ್ಟ್ ಆದರೆ ಎರಡೂ ಹೋಗುತ್ತವೆ. ಸಣ್ಣ ಫ್ಯಾನು ಎರಡರ ಬದಲು 120 ಅಥವಾ 140 ಮಿಲಿಮೀಟರಿನ ದೊಡ್ಡದೊಂದು ನಿಧಾನವಾಗಿ ತಿರುಗಿದರೆ ಗಾಳಿ ಅಷ್ಟೇ, ಸದ್ದು ಕಡಿಮೆ. ತಿಂಗಳಿಗೊಮ್ಮೆ ಜಾಲರಿ ಜಾಡಿಸಿ. ಒಳಗೆ ಊದಿಸಲು ಪಂಕ್ಚರ್ ಅಂಗಡಿಗೆ ಒಯ್ಯುವವರಿದ್ದಾರೆ. ಆ ಕಂಪ್ರೆಸರಿನ ಗಾಳಿಯಲ್ಲಿ ನೀರು, ಎಣ್ಣೆಯ ಹನಿ ಇರುತ್ತವೆ. ಕೈಯ ಬ್ಲೋವರ್ ಸಾಕು, ಊದುವಾಗ ಫ್ಯಾನಿನ ರೆಕ್ಕೆಗೆ ಬೆರಳು ಒತ್ತಿ ಹಿಡಿದಿರಿ.

ಟೀವಿ, ಆಮೇಲೆ ಕಾರ್ಡು

ನಿಮ್ಮ ಟೀವಿಯಲ್ಲಿ ಎಷ್ಟು ಚುಕ್ಕೆಗಳಿವೆಯೋ ಅಷ್ಟನ್ನೇ ಕಾರ್ಡು ಬಿಡಿಸಬೇಕು. 32 ಇಂಚಿನ ಎಚ್‌ಡಿ ರೆಡಿ ಟೀವಿಯಲ್ಲಿ 1366×768, ಅಂದರೆ ಹತ್ತೂವರೆ ಲಕ್ಷ ಚುಕ್ಕೆ. ಫುಲ್ ಎಚ್‌ಡಿಯಲ್ಲಿ ಸುಮಾರು 21 ಲಕ್ಷ. 4ಕೆ ಟೀವಿಯಲ್ಲಿ 83 ಲಕ್ಷ. ಗೋಡೆಯ ಮೇಲೆ 32 ಇಂಚಿನದನ್ನು ತೂಗುಹಾಕಿ 4ಕೆ ಆಡಿಸುವ ಕಾರ್ಡು ಕೊಳ್ಳುವುದು ದುಡ್ಡು ಸುಟ್ಟಂತೆ. 4ಕೆ ಟೀವಿ ಇದ್ದರೂ ಗೇಮನ್ನು ಕಡಿಮೆ ಚುಕ್ಕೆಯಲ್ಲಿ ಬಿಡಿಸಿ ಹಿಗ್ಗಿಸುವ ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ತಂತ್ರಗಳಿವೆ. ಎಂಟು ಅಡಿ ದೂರದ ಮಂಚದಿಂದ ವ್ಯತ್ಯಾಸ ಹುಡುಕುವುದು ಕಷ್ಟ.

ಸಾಮಾನ್ಯ ಟೀವಿಗಳ ಎಚ್‌ಡಿಎಂಐ 2.0 ಪೋರ್ಟು 4ಕೆ ಚಿತ್ರವನ್ನು ಸೆಕೆಂಡಿಗೆ 60ರಂತೆ ಒಯ್ಯುತ್ತದೆ. 120 ಬೇಕಾದರೆ ಟೀವಿ, ಕಾರ್ಡು, ಕೇಬಲ್ ಮೂರೂ 2.1 ಇರಬೇಕು. ಕೇಬಲನ್ನು ಮದರ್‌ಬೋರ್ಡಿನ ಪೋರ್ಟಿಗೆ ಚುಚ್ಚಿ "ಕಾರ್ಡ್ ಹಾಕ್ಸಿದ್ರೂ ಗೇಮ್ ಓಡವಲ್ದು" ಎನ್ನುವವರು ಈಗಲೂ ಸಿಗುತ್ತಾರೆ. ಅದು ಕಾರ್ಡಿನ ಪೋರ್ಟಿಗೇ ಹೋಗಬೇಕು. ಟೀವಿಯಲ್ಲಿ ಗೇಮ್ ಮೋಡ್ ಹಾಕಿ. ಇಲ್ಲದಿದ್ದರೆ ಟೀವಿ ಚಿತ್ರವನ್ನು ಚಂದಗಾಣಿಸುತ್ತಾ ಕೂತು, ಗುಂಡಿ ಒತ್ತಿದ ಎಷ್ಟೋ ಹೊತ್ತಿಗೆ ಬ್ಯಾಟು ಬೀಸುತ್ತದೆ. ಚಿತ್ರದ ಅಂಚು ಕತ್ತರಿಸಿ ಹೋಗಿದ್ದರೆ ಟೀವಿಯ ಪಿಕ್ಚರ್ ಸೈಜನ್ನು ಸ್ಕ್ರೀನ್ ಫಿಟ್ ಅಥವಾ ಜಸ್ಟ್ ಸ್ಕ್ಯಾನ್‌ಗೆ ಬದಲಿಸಿ.

ಈಗ ಕಾರ್ಡು. ಎನ್‌ವಿಡಿಯಾದ ಆರ್‌ಟಿಎಕ್ಸ್ 4090 ಒಂದೇ 450 ವ್ಯಾಟ್ ತಿನ್ನುತ್ತದೆ. ಅದು ಈ ಲೇಖನದ ಹೊರಗಿನ ಪ್ರಾಣಿ. ನಮಗೆ ಬೇಕಾದ ಸಂಖ್ಯೆ 75. ಮದರ್‌ಬೋರ್ಡಿನ ಸ್ಲಾಟು ಬೇರೆ ವೈರಿಲ್ಲದೆ ಕೊಡಬಲ್ಲದ್ದು ಅಷ್ಟು ವ್ಯಾಟ್. 2024ರಲ್ಲಿ ಬಂದ 6 ಜಿಬಿಯ ಆರ್‌ಟಿಎಕ್ಸ್ 3050 ಅದರೊಳಗೇ, 70 ವ್ಯಾಟಿನಲ್ಲಿ ಮುಗಿಸುತ್ತದೆ. ಫುಲ್ ಎಚ್‌ಡಿ ಟೀವಿಗೆ, ಸೆಟ್ಟಿಂಗ್ ಮಧ್ಯಮದಲ್ಲಿಟ್ಟರೆ, ಬಹುತೇಕ ಆಟಗಳಿಗೆ ಸಾಕು. ಇನ್ನೂ ಮೇಲೆ ಬೇಕೆಂದರೆ 115 ವ್ಯಾಟಿನ ಆರ್‌ಟಿಎಕ್ಸ್ 4060. ಬಿಸಿಲು ಸೀಮೆಗೆ ಅದಕ್ಕಿಂತ ಮುಂದೆ ಹೋಗುವುದಕ್ಕೆ ನಾನು ಹೇಳುವುದಿಲ್ಲ. ಅಗ್ಗಕ್ಕೆ ಸಿಗುವ ಎಎಂಡಿಯ ಆರ್‌ಎಕ್ಸ್ 6400 ಬಗ್ಗೆ ಎಚ್ಚರ: ಎವಿ1 ವೀಡಿಯೊ ಬಿಚ್ಚುವ ಯಂತ್ರಾಂಗ ಅದರಲ್ಲಿಲ್ಲ, ಹಳೆಯ ಬೋರ್ಡಿನಲ್ಲಿ ಹಾಕಿದರೆ ವೇಗವೂ ಸೊರಗುತ್ತದೆ.

ಕಡಿಮೆ ಖರ್ಚಿನ ದಾರಿ ಎಂದರೆ ಕಂಪನಿಗಳು ಬಳಸಿ ಬಿಟ್ಟ ಡೆಲ್, ಎಚ್‌ಪಿ, ಲೆನೊವೊ ಕಂಪ್ಯೂಟರುಗಳು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಧಾರಾಳ ಸಿಗುತ್ತವೆ. ಇಂಟೆಲ್ ಎಂಟನೇ ಪೀಳಿಗೆ ಅಥವಾ ಅದರ ಮುಂದಿನದನ್ನೇ ಕೇಳಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಅದಕ್ಕಿಂತ ಹಳೆಯ ಇಂಟೆಲ್ ಪ್ರೊಸೆಸರುಗಳನ್ನು ಹೆಚ್ಚುಕಡಿಮೆ ಒಪ್ಪುವುದಿಲ್ಲ. ಅಗಲದ ಟವರ್ ಪೆಟ್ಟಿಗೆ ಸಿಕ್ಕರೆ ಒಳ್ಳೆಯದು, ತೆಳುವಿನದಾದರೆ ಅರ್ಧ ಎತ್ತರದ ಕಾರ್ಡೇ ಬೇಕು. ಅವುಗಳ ಪವರ್ ಸಪ್ಲೈ ಆ ಕಂಪನಿಯದೇ ನಮೂನೆ, ಕಾರ್ಡಿಗೆ ಕೊಡುವ ಬೇರೆ ವೈರು ಎಷ್ಟೋ ಸಲ ಇರುವುದೇ ಇಲ್ಲ. 75 ವ್ಯಾಟಿನ ಮಿತಿಯ ಬೆಲೆ ಗೊತ್ತಾಗುವುದು ಇಲ್ಲಿಯೇ. ಹೊಸದಾಗಿಯೇ ಕಟ್ಟಿಸಿ, ಕಾರ್ಡು ಆಮೇಲೆ ನೋಡಿಕೊಳ್ಳೋಣ ಎನ್ನುವವರಿಗೆ ರೈಜನ್ 5 5600ಜಿಯಂಥ, ಗ್ರಾಫಿಕ್ಸನ್ನು ಹೊಟ್ಟೆಯಲ್ಲೇ ಇಟ್ಟುಕೊಂಡ ಪ್ರೊಸೆಸರ್ ಇದೆ. ಅದಕ್ಕೆ 16 ಜಿಬಿಯ ಒಂದು ರ್‍ಯಾಮ್ ಕಡ್ಡಿಯ ಬದಲು 8ರ ಎರಡು ಹಾಕಿಸಿ. ಬೇರೆ ಮೆಮೊರಿ ಇಲ್ಲದ ಆ ಗ್ರಾಫಿಕ್ಸಿಗೆ ರ್‍ಯಾಮೇ ಗತಿ, ಎರಡು ಕಡ್ಡಿ ಎಂದರೆ ಎರಡು ದಾರಿ. ಮದರ್‌ಬೋರ್ಡಿಗೆ ಮೈಕ್ರೋ ಎಟಿಎಕ್ಸ್ ಸಾಕು, ಪುಟಾಣಿ ಮಿನಿ ಐಟಿಎಕ್ಸ್ ಚಂದ ಕಂಡರೂ ದುಬಾರಿ, ಬಿಸಿ.

ಸಿನಿಮಾ ಮತ್ತು ದನಿ

ಸಿನಿಮಾ ನೋಡಲು ಕಾರ್ಡಿನ ಬಲ ಬೇಕಿಲ್ಲ, ಎಚ್‌ಇವಿಸಿ ಮತ್ತು ಎವಿ1 ವೀಡಿಯೊಗಳನ್ನು ಬಿಚ್ಚುವ ಅಂಗ ಇದ್ದರೆ ಆಯಿತು. ಹಲವರಿಗೆ ನಿರಾಸೆ ತರುವ ಸಂಗತಿಯೊಂದನ್ನು ಮೊದಲೇ ಹೇಳಬೇಕು: ದುಬಾರಿ ಕಂಪ್ಯೂಟರಿನ ಬ್ರೌಸರಿನಲ್ಲಿ ಒಟಿಟಿಗಳು 4ಕೆ ಕೊಡಲು ಹಿಂದೇಟು ಹಾಕುತ್ತವೆ. ಕಳ್ಳಪ್ರತಿಯ ಭಯ. ಅದೇ ಚಿತ್ರ ಸ್ಮಾರ್ಟ್ ಟೀವಿಯ ಆ್ಯಪಿನಲ್ಲಿ ಸರಾಗ ಬರುತ್ತದೆ. ಹಾಗಾಗಿ ಒಟಿಟಿಯನ್ನು ಟೀವಿಗೇ ಬಿಡಿ. ಕಂಪ್ಯೂಟರ್ ಇರುವುದು ಗೇಮಿಗೆ ಮತ್ತು ನಿಮ್ಮದೇ ಡಿಸ್ಕಿನಲ್ಲಿರುವ ಸಿನಿಮಾ, ಮದುವೆ ವೀಡಿಯೊ, ಫೋಟೊಗಳಿಗೆ.

ಅವುಗಳನ್ನು ರಿಮೋಟಿನಿಂದ ನೋಡಲು ಕೋಡಿ ಎಂಬ ಉಚಿತ ತಂತ್ರಾಂಶ ಸಾಕು. 2014ರವರೆಗೆ ಅದರ ಹೆಸರು ಎಕ್ಸ್‌ಬಿಎಂಸಿ. ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಎಂಬ ಗೇಮ್ ಯಂತ್ರದಲ್ಲಿ ಸಿನಿಮಾ ಓಡಿಸಲು ಹವ್ಯಾಸಿಗಳು ಬರೆದದ್ದು. ಗೇಮಿಗೂ ಸಿನಿಮಾಕ್ಕೂ ಒಂದೇ ಪೆಟ್ಟಿಗೆ ಎಂಬ ಆಸೆ ಇಂದಿನದಲ್ಲ. ಕೋಡಿಯಲ್ಲಿ ರಿಫ್ರೆಶ್ ರೇಟ್ ಹೊಂದಿಸುವ ಆಯ್ಕೆಯನ್ನು ತಪ್ಪದೆ ಆನ್ ಮಾಡಿ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ, ಟೀವಿಯದು 60. ಭಾಗಿಸಿದರೆ ಎರಡೂವರೆ ಬರುತ್ತದೆ, ಅರ್ಧ ಚಿತ್ರ ತೋರಿಸಲಾಗದು. ಅದಕ್ಕೆ ಒಂದನ್ನು ಮೂರು ಸಲ, ಮುಂದಿನದನ್ನು ಎರಡು ಸಲ ತೋರಿಸುತ್ತಾರೆ. ಕ್ಯಾಮೆರಾ ನಿಧಾನ ತಿರುಗುವ ದೃಶ್ಯದಲ್ಲಿ ಚಿತ್ರ ಕುಂಟುವುದು ಅದರಿಂದ. ಟೀವಿಯನ್ನೇ 24ಕ್ಕೆ ಇಳಿಸಿದರೆ ಕುಂಟು ಮಾಯ. ಕನ್ನಡ ಸಬ್‌ಟೈಟಲ್ ಡಬ್ಬಿ ಡಬ್ಬಿಯಾಗಿ ಕಂಡರೆ ಆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಅಲ್ಲಿ ಅಕ್ಷರ ಸರಿಯಿದ್ದರೆ ಯುಟಿಎಫ್-8 ಆಗಿ ಉಳಿಸಿ, ಕೋಡಿಯಲ್ಲಿ ಕನ್ನಡ ಅಕ್ಷರ ಇರುವ ಫಾಂಟು ಆರಿಸಿ.

ದನಿಗೆ ಬಹಳ ಖರ್ಚು ಬೇಡ. ಎಷ್ಟೋ ಮನೆಗಳಲ್ಲಿ ಐದು ಪುಟ್ಟ ಪೆಟ್ಟಿಗೆ, ಒಂದು ಬೇಸ್ ಪೆಟ್ಟಿಗೆಯ ಹಳೆಯ 5.1 ಸ್ಪೀಕರ್ ಸೆಟ್ಟು ಧೂಳು ತಿನ್ನುತ್ತಿರುತ್ತದೆ. ಅದರ ಆರು ವೈರುಗಳನ್ನು ಇಂದಿನ ಟೀವಿಗೆ ಸಿಕ್ಕಿಸಲಾಗದು, ಕಂಪ್ಯೂಟರಿಗೆ ಸಿಕ್ಕಿಸಬಹುದು. ಮದರ್‌ಬೋರ್ಡಿನ ಹಸಿರು, ಕಪ್ಪು, ಕಿತ್ತಳೆ ತೂತುಗಳು ಇರುವುದು ಅದಕ್ಕೇ. ಕೊಳ್ಳುವ ಮುಂಚೆ ಬೋರ್ಡಿನಲ್ಲಿ ಅವು ಪೂರಾ ಇವೆಯೇ ನೋಡಿಕೊಳ್ಳಿ. ಶಹಾಬಾದ್ ಕಲ್ಲಿನ ನೆಲ, ಬರಿಗೋಡೆ ಇದ್ದ ಪಡಸಾಲೆಯಲ್ಲಿ ಮಾತು ಪ್ರತಿಧ್ವನಿಸಿ ಸಂಭಾಷಣೆ ತಿಳಿಯುವುದಿಲ್ಲ. ಜನ ಸ್ಪೀಕರನ್ನು ಬೈಯುತ್ತಾರೆ, ತಪ್ಪು ಗೋಡೆಯದು. ಸ್ಪೀಕರಿನ ಎದುರು ಗೋಡೆಗೆ ಒಂದು ದಪ್ಪ ಕೌದಿ ಇಳಿಬಿಟ್ಟು, ನೆಲಕ್ಕೆ ಜಮಖಾನ ಹಾಸಿ ಕೇಳಿ ನೋಡಿ. ಹತ್ತಾರು ಪದರ ಹಳೆ ಬಟ್ಟೆ ಹೊಲಿದ ಕೌದಿಯಷ್ಟು ಚೆನ್ನಾಗಿ ಸದ್ದು ನುಂಗುವ ವಸ್ತುವನ್ನು ಪೇಟೆಯಲ್ಲಿ ಸಾವಿರಾರು ರೂಪಾಯಿಗೆ ಮಾರುತ್ತಾರೆ.

ಗೇಮ್ ತರುವುದು, ಇಡುವುದು

ರೆಡ್ ಡೆಡ್ ರಿಡೆಂಪ್ಷನ್ 2 ಒಂದಕ್ಕೇ 150 ಜಿಬಿ ಜಾಗ ಬೇಕು. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕಿನಲ್ಲಿ ಅದು ಎಪ್ಪತ್ತೈದು ದಿನದ ಮಾತು. 40 ಎಂಬಿಪಿಎಸ್‌ನ ಫೈಬರ್ ಇದ್ದರೆ ಸುಮಾರು ಎಂಟೂವರೆ ಗಂಟೆ, ರಾತ್ರಿ ಹಚ್ಚಿ ಮಲಗಬಹುದು. ಫೈಬರ್ ಇಲ್ಲದವರು ಬಾಗೇವಾಡಿಯಲ್ಲೋ ವಿಜಯಪುರದಲ್ಲೋ ಇರುವ ಗೆಳೆಯನ ಕಂಪ್ಯೂಟರಿನಿಂದ, ಗೇಮ್ ಕೊಳ್ಳುವ ಸ್ಟೀಮ್ ತಂತ್ರಾಂಶದ ಫೋಲ್ಡರನ್ನೇ ಡಿಸ್ಕಿಗೆ ಹಾಕಿಕೊಂಡು ಬರಬಹುದು. ಆಟ ನಿಮ್ಮ ಖಾತೆಯಲ್ಲಿ ಕೊಂಡದ್ದಾಗಿದ್ದರೆ ಸ್ಟೀಮ್ ಆ ಫೈಲುಗಳನ್ನು ಪರೀಕ್ಷಿಸಿ ಒಪ್ಪಿಕೊಳ್ಳುತ್ತದೆ, ಕೊರತೆ ಇದ್ದಷ್ಟನ್ನು ಮಾತ್ರ ಇಳಿಸಿಕೊಳ್ಳುತ್ತದೆ.

ಗೇಮಿಗೆ 1 ಟಿಬಿಯ ಎಸ್‌ಎಸ್‌ಡಿ, ಸಿನಿಮಾಕ್ಕೆ ಸಾದಾ ಹಾರ್ಡ್ ಡಿಸ್ಕ್. ಮನೆಯ ಫೋಟೊಗಳಿಗೆ ಇನ್ನೊಂದು ಪ್ರತಿ ಬೇರೆ ಕಡೆ ಇರಲೇಬೇಕು. ಇಂಗಳೇಶ್ವರದ ವಚನ ಶಿಲಾಮಂಟಪದಲ್ಲಿ ವಚನಗಳನ್ನು ಕಲ್ಲಿನ ಮೇಲೆ ಕೆತ್ತಿಸಿಟ್ಟಿದ್ದಾರೆ. ಹಾರ್ಡ್ ಡಿಸ್ಕ್ ಮಾಡುವವರಾರೂ ಅಷ್ಟು ಕಾಲದ ಭರವಸೆ ಕೊಡುವುದಿಲ್ಲ.

ಕಂಪ್ಯೂಟರ್ ಆನ್ ಆಗುತ್ತಲೇ ಗೇಮ್ ಪ್ಯಾಡಿನಿಂದಲೇ ನಡೆಸುವಂತಿರಬೇಕೆಂದರೆ ಸ್ಟೀಮಿನ ಬಿಗ್ ಪಿಕ್ಚರ್ ಮೋಡ್ ಇದೆ. ನೇರ ಅಲ್ಲಿಗೇ ತೆರೆದುಕೊಳ್ಳುವ ಬಜೈಟ್‌ನಂಥ ಉಚಿತ ಲಿನಕ್ಸ್‌ಗಳೂ ಇವೆ. ಮನೆಯ ಹುಡುಗರು ವ್ಯಾಲೊರಂಟ್ ಆಡುವವರಾದರೆ ಮಾತ್ರ ವಿಂಡೋಸೇ ಗತಿ. ಅದರ ಮೋಸ ತಡೆಯುವ ವ್ಯವಸ್ಥೆ ಲಿನಕ್ಸಿನಲ್ಲಿ ನಡೆಯುವುದಿಲ್ಲ. ವೈರಿಲ್ಲದ ಪ್ಯಾಡು ಆಗಾಗ ತಡವರಿಸಿದರೆ ಅದರ ರಿಸೀವರನ್ನು ಪೆಟ್ಟಿಗೆಯ ಹಿಂಬದಿಯಿಂದ ತೆಗೆದು, ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರಿನಲ್ಲಿ ಟೀವಿಯ ಮುಂದೆ ತನ್ನಿ. ಹಿಂಬದಿಯಲ್ಲಿ ಕಬ್ಬಿಣದ ಅಡ್ಡಿ, ಪಕ್ಕದ ಯುಎಸ್‌ಬಿ 3 ಪೋರ್ಟಿನ ಗದ್ದಲ ಎರಡೂ 2.4 ಗಿಗಾಹರ್ಟ್ಸ್ ಸಂಕೇತವನ್ನು ಕೆಡಿಸುತ್ತವೆ. ಟೀವಿಯ ರಿಮೋಟಿನಿಂದ ಕಂಪ್ಯೂಟರ್ ಆನ್ ಆಗುತ್ತದೆಂದು ನಿರೀಕ್ಷಿಸಬೇಡಿ. ಆ ಸಂಕೇತವನ್ನು ಗ್ರಾಫಿಕ್ಸ್ ಕಾರ್ಡುಗಳು ಸಾಮಾನ್ಯವಾಗಿ ಕೇಳಿಸಿಕೊಳ್ಳುವುದಿಲ್ಲ.

ಉಳಿದದ್ದು ಬಿಲ್ಲು. 3050 ಕಾರ್ಡಿನ ಯಂತ್ರ ಆಟದಲ್ಲಿ 150, ಟೀವಿ 80 ವ್ಯಾಟ್ ಎಂದುಕೊಂಡರೆ ದಿನಕ್ಕೆ ಮೂರು ಗಂಟೆಗೆ ತಿಂಗಳಲ್ಲಿ ಸುಮಾರು 21 ಯೂನಿಟ್. ಗೃಹಜ್ಯೋತಿಯಲ್ಲಿ ಪುಕ್ಕಟೆ ಸಿಗುವುದು ಎಲ್ಲರಿಗೂ 200 ಯೂನಿಟ್ ಎಂಬುದು ತಪ್ಪು ತಿಳಿವಳಿಕೆ. ಸಾಮಾನ್ಯವಾಗಿ 2022-23ರ ನಿಮ್ಮ ತಿಂಗಳ ಸರಾಸರಿಯ ಮೇಲೆ ಶೇ. 10 ಸೇರಿಸಿದಷ್ಟು ಮಾತ್ರ ಉಚಿತ. ಆಗ 60 ಯೂನಿಟ್ ಬಳಸುತ್ತಿದ್ದ ಮನೆಗೆ 66. ಹಳೆಯ ಬಳಕೆ ಹಾಗೇ ಇದ್ದು ಈ 21 ಸೇರಿದರೆ, 66 ದಾಟಿದ 15 ಯೂನಿಟ್ಟಿಗೆ ಹೆಸ್ಕಾಂ ದುಡ್ಡು ಕೇಳುತ್ತದೆ. ಕಾರ್ಡು ದೊಡ್ಡದಾಗಿ ಯಂತ್ರ 300 ವ್ಯಾಟ್ ಎಳೆಯುವಂತಾದರೆ 34 ಯೂನಿಟ್ಟಾಗುತ್ತದೆ.